ಆಯಿಲ್ ಫಿಲ್ಟರ್ ಬಿಚ್ಚುವ ಪಾನ: ಕೊಳ್ಳುವ ಮುಂಚೆ ಏನೇನು ನೋಡಬೇಕು?

ಕಾರಿನ ಆಯಿಲನ್ನು ಮನೆಯಲ್ಲೇ ಬದಲಿಸಲು ಹೊರಟರೆ ಹಳೇ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಅಷ್ಟಾಗಿ ಸತಾಯಿಸುವುದಿಲ್ಲ. ಕೈ ಸೋಲುವುದು ಫಿಲ್ಟರ್ ಹತ್ತಿರ. ನನಗೂ ಮೊದಲ ಸಲ ಹಾಗೇ ಆಯಿತು. ಹಿಂದಿನ ಸರ್ವೀಸಿನಲ್ಲಿ ಯಾರೋ ಫಿಲ್ಟರಿಗೆ ಪಾನ ಹಾಕಿ ಬಿಗಿದಿದ್ದರು. ನಾನು ತಂದಿದ್ದ ತೆಳು ತಗಡಿನ ಕಪ್, ಅಂದ್ರೆ ಫಿಲ್ಟರಿನ ತುದಿಗೆ ಟೋಪಿಯ ಹಾಗೆ ಕೂರುವ ಪಾನ, ಎರಡು ಸಲ ಜಾರಿತು. ಮೂರನೇ ಸಲಕ್ಕೆ ಅದರ ಅಂಚೇ ಅರಳಿಕೊಂಡಿತು. ಫಿಲ್ಟರ್ ಮಾತ್ರ ಕದಲಲಿಲ್ಲ. ಅಷ್ಟೊತ್ತಿಗೆ ಆಯಿಲ್ ಪೂರ್ತಿ ಸುರಿದಾಗಿತ್ತು, ಕಾರನ್ನು ಗ್ಯಾರೇಜಿಗೆ ಓಡಿಸುವ ಹಾಗೂ ಇರಲಿಲ್ಲ.

ಆ ಕಪ್ಪಿನ ತಗಡು ತೆಳುವಾಗಿತ್ತು, ನಿಜ. ಆದರೆ ಅದಕ್ಕಿಂತ ದೊಡ್ಡ ತಪ್ಪು ಅಳತೆಯದು. ಫಿಲ್ಟರಿಗೆ ಸರಿಯಾಗಿ ಕೂರದ ಪಾನ ಎಷ್ಟೇ ಗಟ್ಟಿಯಾಗಿದ್ದರೂ ಜಾರುತ್ತದೆ. ಜಾರಿ ಜಾರಿ ಸವೆಯುತ್ತದೆ. ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಕಾರಿನ ಕೆಳಗೆ ಇಣುಕಿ.

ಮೊದಲು ಫಿಲ್ಟರ್ ಯಾವುದು ನೋಡಿ

ಫಿಲ್ಟರ್‌ಗಳಲ್ಲಿ ಎರಡು ಬಗೆ. ಡಬ್ಬಿಯ ಹಾಗಿದ್ದು, ಇಡಿಯಾಗಿ ತಿರುಗಿಸಿ ತೆಗೆಯುವಂಥದ್ದು ಒಂದು. ಇನ್ನೊಂದರಲ್ಲಿ ಹೊರಗಿನ ಮುಚ್ಚಳ ಕಾರಿನಲ್ಲೇ ಉಳಿದು, ಒಳಗಿನ ಕಾಗದದ ಫಿಲ್ಟರ್ ಮಾತ್ರ ಬದಲಾಗುತ್ತದೆ. ಈ ಮುಚ್ಚಳ ಎಷ್ಟೋ ಕಾರುಗಳಲ್ಲಿ ಪ್ಲಾಸ್ಟಿಕ್. ಇದಕ್ಕೆ ಹಲ್ಲಿರುವ ಪಾನ, ಚೈನು ಯಾವುದನ್ನೂ ಮುಟ್ಟಿಸಬೇಡಿ, ಸೀಳಿಬಿಡುತ್ತದೆ. ಆ ಮುಚ್ಚಳಕ್ಕೆಂದೇ ಮಾಡಿದ ಕಪ್ ಅಥವಾ ಅದರ ತುದಿಯ ಷಟ್ಕೋನಕ್ಕೆ ಸರಿಹೊಂದುವ ಸಾಕೆಟ್ ಬೇಕು. ಎಷ್ಟು ಬಿಗಿಯಬೇಕು ಅಂತ ಹಲವು ಮುಚ್ಚಳಗಳ ಮೇಲೇ ಬರೆದಿರುತ್ತದೆ. 25 ನ್ಯೂಟನ್ ಮೀಟರ್ ಅನ್ನುವುದನ್ನು ಬಹಳ ಕಡೆ ಕಾಣುತ್ತೀರಿ.

ಡಬ್ಬಿ ಫಿಲ್ಟರ್ ಆದರೆ ಅಳತೆ ತೆಗೆದುಕೊಳ್ಳಿ. ವರ್ನಿಯರ್ ಇಲ್ಲದಿದ್ದರೆ ದಾರ ಸಾಕು. ದಾರವನ್ನು ಸುತ್ತಿ, ಬಿಡಿಸಿ, ಸ್ಕೇಲಿನಲ್ಲಿ ಅಳೆದು 3.14ರಿಂದ ಭಾಗಿಸಿ. ಸುತ್ತಳತೆ 207 ಮಿಲಿಮೀಟರ್ ಬಂದರೆ ಅಡ್ಡಳತೆ ಸುಮಾರು 66. ಆಮೇಲೆ ಫಿಲ್ಟರಿನ ತುದಿ ನೋಡಿ. ಸುತ್ತಲೂ ಮಡಿಕೆ ಮಡಿಕೆಯಾಗಿ ಪಟ್ಟಿಗಳಿರುತ್ತವೆ. ಎಷ್ಟಿವೆ ಅಂತ ಎಣಿಸಿ. ಕಪ್ ಕೊಳ್ಳುವಾಗ ಅಡ್ಡಳತೆಯ ಜೊತೆಗೆ ಈ ಎಣಿಕೆಯೂ ಹೊಂದಬೇಕು. ಇನ್ನೂ ಒಳ್ಳೆಯದು ಅಂದ್ರೆ ಮುಂದಿನ ಸಲಕ್ಕೆ ಬೇಕಾದ ಹೊಸ ಫಿಲ್ಟರನ್ನೇ ಅಂಗಡಿಗೆ ಒಯ್ಯುವುದು. ಒಂದೇ ಕಾರಿಗೆ ಬೇರೆ ಬೇರೆ ಕಂಪನಿಗಳು ಮಾಡುವ ಫಿಲ್ಟರ್‌ಗಳ ತುದಿ ಒಂದೇ ಥರ ಇರಬೇಕು ಅಂತೇನಿಲ್ಲ. ಕಪ್ ಕೊಂಡ ಮೇಲೆ ಫಿಲ್ಟರಿನ ಬ್ರಾಂಡ್ ಬದಲಿಸಿದರೆ ಕಪ್ ದಂಡವಾಗಬಹುದು.

ಫಿಲ್ಟರಿನ ಸುತ್ತ ಎಷ್ಟು ಜಾಗವಿದೆ ಅನ್ನುವುದನ್ನೂ ಗಮನಿಸಿ. ಪಕ್ಕದಲ್ಲಿ ಕೈ ತೂರದಿದ್ದರೆ ತುದಿಯಿಂದ ಹಿಡಿಯುವ ಪಾನ ಬೇಕು. ತುದಿಯ ಮುಂದೆ ಜಾಗವಿಲ್ಲದಿದ್ದರೆ ಪಕ್ಕದಿಂದ ಸುತ್ತಿ ಹಿಡಿಯುವ ಪಟ್ಟಿಯ ಪಾನ ಬೇಕು.

ಯಾವ ಪಾನ?

ಒಂದೇ ಕಾರು, ಒಂದೇ ಫಿಲ್ಟರ್ ಅನ್ನುವವರಿಗೆ ನನ್ನ ಓಟು ಕಪ್ಪಿಗೆ. ಆದರೆ ಒತ್ತಿ ಮಾಡಿದ ತೆಳು ತಗಡಿನದು ಬೇಡ. ಎರಕದ ಅಲ್ಯೂಮಿನಿಯಂ ಅಥವಾ ದಪ್ಪ ಉಕ್ಕಿನದು ತೆಗೆದುಕೊಳ್ಳಿ. ಅಂಗಡಿಯಲ್ಲೇ ಅಂಚನ್ನು ಎರಡೂ ಹೆಬ್ಬೆರಳಿಂದ ಒತ್ತಿ. ಚೂರು ಬಾಗಿದರೂ ವಾಪಸ್ ಇಡಿ. ಹೊಸ ಫಿಲ್ಟರಿಗೆ ಸಿಕ್ಕಿಸಿ ಅಲ್ಲಾಡಿಸಿ. ಲೊಡಲೊಡ ಅನ್ನಬಾರದು. ಕಪ್ಪನ್ನು ತಿರುಗಿಸುವ ಹಿಡಿಕೆಯಾದ ರ‍್ಯಾಚೆಟ್ ಕೂರುವ ಚೌಕದ ತೂತು ಬರೀ ತಗಡಿನಲ್ಲಿ ಕೊರೆದದ್ದಾಗಿದ್ದರೆ ಬೇಗ ದುಂಡಗಾಗುತ್ತದೆ. ಅಲ್ಲಿ ಲೋಹ ದಪ್ಪವಾಗಿರಬೇಕು. ತೂತು 3/8 ಇಂಚಿನದೋ ಅರ್ಧ ಇಂಚಿನದೋ ನೋಡಿ, ನಿಮ್ಮ ರ‍್ಯಾಚೆಟ್ಟಿಗೆ ಹೊಂದುವುದನ್ನೇ ತೆಗೆದುಕೊಳ್ಳಿ.

ಮನೆಯಲ್ಲಿ ಎರಡು ಮೂರು ಕಾರುಗಳಿದ್ದರೆ ಮೂರು ಕಾಲಿನ ಪಾನ ಅನುಕೂಲ. ಮಧ್ಯದ ಗೇರ್ ತಿರುಗಿದಂತೆ ಮೂರೂ ಕಾಲುಗಳು ಒಳಗೆ ಸರಿದು ಫಿಲ್ಟರನ್ನು ಕಚ್ಚುತ್ತವೆ. ಜೋರು ಹಾಕಿದಷ್ಟೂ ಹಿಡಿತ ಹೆಚ್ಚು. ಇದು ಹಾಳಾಗುವುದು ಎರಡು ಕಡೆ: ಕಾಲುಗಳನ್ನು ಹಿಡಿದಿರುವ ಪಿನ್ನುಗಳಲ್ಲಿ, ಒಳಗಿನ ಗೇರ್ ಹಲ್ಲುಗಳಲ್ಲಿ. ಕೊಳ್ಳುವಾಗ ಒಂದೊಂದು ಕಾಲನ್ನೂ ಅಡ್ಡಡ್ಡ ಅಲ್ಲಾಡಿಸಿ. ಹೊಸದರಲ್ಲೇ ಸಡಿಲವಿದ್ದರೆ ಜಾಸ್ತಿ ದಿನ ಬರುವುದಿಲ್ಲ. ಮೂರೂ ಒಟ್ಟಿಗೇ ಸರಿಯುತ್ತವಾ, ಒಂದು ಹಿಂದೆ ಬೀಳುತ್ತದಾ ಅಂತ ತಿರುಗಿಸಿ ನೋಡಿ. ಈ ಪಾನ ಬಿಚ್ಚುವುದಕ್ಕೆ ಮಾತ್ರ. ಹೊಸ ಫಿಲ್ಟರಿಗೆ ಹಾಕಿದರೆ ಡಬ್ಬಿ ತಗ್ಗಾಗುತ್ತದೆ.

ಉಕ್ಕಿನ ಪಟ್ಟಿಯದಾದರೆ ಪಟ್ಟಿ ಹಿಡಿಕೆಗೆ ಸೇರುವ ಜಾಗ ನೋಡಿ, ಕಿತ್ತು ಬರುವುದು ಅಲ್ಲಿಯೇ. ರಬ್ಬರ್ ಪಟ್ಟಿ ಆಯಿಲ್ ತಾಗಿದರೆ ಜಾರುತ್ತದೆ. ಚೈನ್ ಗಟ್ಟಿ, ಆದರೆ ಸಣ್ಣ ಕಾರುಗಳಲ್ಲಿ ಅದನ್ನು ಆಡಿಸಲು ಜಾಗ ಸಿಗುವುದು ಕಷ್ಟ.

ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸು ಅನ್ನುವವರೂ ಸಿಗುತ್ತಾರೆ. ದಯವಿಟ್ಟು ಬೇಡ. ಎಷ್ಟೋ ಸಲ ಡಬ್ಬಿ ಮಾತ್ರ ಹರಿದು, ತ್ರೆಡ್ ಇರುವ ತಳ ಎಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ.

ಬೆಂಗಳೂರಿನವರಾದರೆ ಜೆ.ಸಿ. ರಸ್ತೆ, ಎಸ್.ಪಿ. ರಸ್ತೆಗಳ ಅಂಗಡಿಗಳಲ್ಲಿ ಇವನ್ನೆಲ್ಲ ಕೈಯಲ್ಲಿ ಹಿಡಿದು ನೋಡಬಹುದು. ಆನ್‌ಲೈನ್ ಚಿತ್ರದಲ್ಲಿ ತಗಡಿನ ದಪ್ಪ ತಿಳಿಯುವುದಿಲ್ಲ, ಅಲ್ವಾ?

ಬಳಸುವುದು ಹೀಗೆ

ಎಂಜಿನ್ ಬೆಚ್ಚಗಿರಲಿ, ಸುಡುವಷ್ಟು ಬಿಸಿ ಬೇಡ. ಕೆಲವು ಕಾರುಗಳಲ್ಲಿ ಸೈಲೆನ್ಸರ್ ಪೈಪ್ ಫಿಲ್ಟರಿಗೆ ತೀರಾ ಹತ್ತಿರವಿರುತ್ತದೆ. ಕಾರು ಎತ್ತುವುದಾದರೆ ಜಾಕ್ ಒಂದನ್ನೇ ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ. ಕೆಳಗೆ ಟ್ರೇ ಇಟ್ಟು, ಫಿಲ್ಟರಿನ ಮೇಲಿನ ಜಿಡ್ಡನ್ನು ಬನಿಯನ್ ಬಟ್ಟೆಯಿಂದ ಒರೆಸಿ. ಒಣಗಿದ ಡಬ್ಬಿಯ ಮೇಲೆ ಯಾವ ಪಾನವಾದರೂ ಚೆನ್ನಾಗಿ ಕೂರುತ್ತದೆ. ಆಯಿಲ್ ಸುರಿಯುವ ಮುಂಚೆಯೇ ಫಿಲ್ಟರ್ ಒಂದು ಚೂರು ಕದಲುತ್ತದಾ ನೋಡಿಕೊಳ್ಳಿ. ಕದಲಿದರೆ ಕೈಯಲ್ಲಿ ಮತ್ತೆ ಬಿಗಿಮಾಡಿ. ಕದಲದಿದ್ದರೆ ಎಂಜಿನ್ನಿನಲ್ಲಿ ಆಯಿಲ್ ಇರುವಾಗಲೇ ಗ್ಯಾರೇಜಿಗೆ ಹೋಗಬಹುದು.

ಫಿಲ್ಟರ್ ಬಂದ ಮೇಲೆ ಹಳೆಯ ರಬ್ಬರ್ ರಿಂಗ್ ಅದರ ಜೊತೆಗೇ ಬಂದಿದೆಯಾ ಅಂತ ನೋಡಲೇಬೇಕು. ಎಂಜಿನ್ನಿಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದು ಕೂತರೆ ಆಯಿಲ್ ಚಿಮ್ಮಿ ಖಾಲಿಯಾಗಬಹುದು. ಹೊಸ ರಿಂಗಿಗೆ ಬೆರಳಲ್ಲಿ ಸ್ವಲ್ಪ ಹೊಸ ಆಯಿಲ್ ಸವರಿ. ಕೈಯಲ್ಲೇ ತಿರುಗಿಸಿ, ರಿಂಗ್ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು. ಫಿಲ್ಟರಿನ ಮೇಲೆ ಬೇರೆ ಲೆಕ್ಕ ಬರೆದಿದ್ದರೆ ಅದೇ ಸರಿ. ಒಣ ರಿಂಗ್, ಅತಿಯಾದ ಬಿಗಿ, ಈ ಎರಡರಿಂದಲೇ ಮುಂದಿನ ಸಲ ಫಿಲ್ಟರ್ ಹಠ ಹಿಡಿಯುವುದು, ಪಾನ ಹಾಳಾಗುವುದು.

ಹೊಸ ಆಯಿಲ್ ತುಂಬಿ, ಎಂಜಿನ್ ಒಂದೆರಡು ನಿಮಿಷ ಓಡಿಸಿ, ಫಿಲ್ಟರಿನ ಬುಡದಲ್ಲಿ ಸೋರಿಕೆ ಇದೆಯಾ ನೋಡಿ. ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ಅಳತೆ ನೋಡಿ. ಹಳೇ ಆಯಿಲನ್ನು ಕ್ಯಾನಿಗೆ ತುಂಬಿ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ, ಚರಂಡಿಗೆ ಸುರಿಯಬೇಡಿ. ಪಾನವನ್ನು ಒರೆಸಿ, ಮೂರು ಕಾಲಿನದಾದರೆ ಗೇರಿಗೆ ಒಂದು ಹನಿ ಎಣ್ಣೆ ಬಿಟ್ಟು ಎತ್ತಿಡಿ.