ಬಾಳೆಹಣ್ಣಿನ ರಸಾಯನ

ಕರಾವಳಿ, ಮಲೆನಾಡಿನ ಮನೆಗಳಲ್ಲಿ ನೀರುದೋಸೆಗೂ ಒತ್ತು ಶ್ಯಾವಿಗೆಗೂ ಜೊತೆಯಾಗುವ ರಸಾಯನಕ್ಕೆ ಒಲೆ ಹಚ್ಚುವ ಅಗತ್ಯವಿಲ್ಲ. ಆದರೆ ಅದರ ರುಚಿಯೆಲ್ಲ ಕಾಯಿಹಾಲಿನಲ್ಲಿರುವುದರಿಂದ ಅಲ್ಲಿ ಅವಸರ ಸಲ್ಲದು. ಚೆನ್ನಾಗಿ ಬಲಿತ 1 ತೆಂಗಿನಕಾಯಿಯನ್ನು ತುರಿದು, 1 ಲೋಟ ನೀರಿನೊಡನೆ ನುಣ್ಣಗೆ ರುಬ್ಬಿ, ತೆಳುವಾದ ಬಿಳಿಯ ಬಟ್ಟೆಯಲ್ಲಿ ಕಟ್ಟಿ ಬಿಗಿಯಾಗಿ ಹಿಂಡಬೇಕು. ಬೆರಳ ಸಂದಿಯಿಂದ ಕೆನೆಯಂತೆ ಇಳಿಯುವ ಈ ಮೊದಲ ಹಾಲೇ ರಸಾಯನಕ್ಕೆ ತಕ್ಕದ್ದು. ಎರಡನೆಯ ಸಲ ಹಿಂಡಿದ ತೆಳು ಹಾಲನ್ನು ಬೆರೆಸಿದರೆ ರಸಾಯನ ನೀರಾಗಿಬಿಡುತ್ತದೆ, ಅದನ್ನು ಪಾಯಸಕ್ಕೆ ಎತ್ತಿಡುವುದೇ ಸರಿ.

ಗಟ್ಟಿ ಹಾಲಿಗೆ ಅರ್ಧ ಲೋಟ ಬೆಲ್ಲದ ಪುಡಿ, ಚಿಟಿಕೆ ಉಪ್ಪು, ಆಗಷ್ಟೇ ಕುಟ್ಟಿದ 3 ಏಲಕ್ಕಿ ಹಾಕಿ, ಬೆಲ್ಲ ಪೂರ್ತಿ ಕರಗುವವರೆಗೆ ಕಲಸಿ, ಕಸ ಕಂಡರೆ ಮತ್ತೊಮ್ಮೆ ಸೋಸಬೇಕು.

ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡಿದ್ದರೂ ಒಳಗೆ ಗಟ್ಟಿಯಾಗಿರುವ 8 ಏಲಕ್ಕಿ ಬಾಳೆಹಣ್ಣುಗಳನ್ನು, ಬಡಿಸುವುದಕ್ಕೆ ಸ್ವಲ್ಪ ಮುಂಚೆಯಷ್ಟೇ, ತೆಳುವಾದ ಬಿಲ್ಲೆಗಳಾಗಿ ಹೆಚ್ಚಿ ನೇರವಾಗಿ ಹಾಲಿಗೆ ಬಿಡಬೇಕು. ಮೊದಲೇ ಹೆಚ್ಚಿಟ್ಟರೆ ಹಣ್ಣು ಕಪ್ಪಾಗುತ್ತದೆ. ಬೇಸಿಗೆಯಲ್ಲಿ ಮಾವು ಅಥವಾ ಕರಬೂಜ ಬಳಸಬಹುದು. ಕಾಯಿಹಾಲು ಬೇಗ ಹುಳಿಯುವುದರಿಂದ ಅದೇ ಹೊತ್ತಿಗೆ ಉಂಡು ಮುಗಿಸಬೇಕು.