ಮರಳಿ ಬರುವ ರಾಕೆಟ್ಟಿಗೆ ಖಾತೆ ತೆರೆಯುವ ಬಗೆ

ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ನನಗೆ ಎರಡು ಪುಸ್ತಕಗಳ ಅಭ್ಯಾಸವಿದೆ. ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲಿಯೇ ಕಿರ್ದಿಯಲ್ಲಿ ಬರೆದು, ಸಂಜೆ ಅದನ್ನು ಒಬ್ಬೊಬ್ಬ ರೈತನ, ಒಬ್ಬೊಬ್ಬ ಖರೀದಿದಾರನ ಖಾತೆಗೆ ಏರಿಸುತ್ತೇವೆ. ಖಾಸಗಿ ಹಣದಿಂದ ಮರುಬಳಕೆಯ ರಾಕೆಟ್ ಕಟ್ಟುವ ಕಂಪನಿ ಎಷ್ಟು ಮುಂದೆ ಬಂದಿದೆ ಎಂಬುದನ್ನು ತಿಳಿಯಲು ಬಯಸುವವರೂ ಇದನ್ನೇ ಮಾಡಬೇಕು. ಸುದ್ದಿಯಲ್ಲಿ ನಮಗೆ ಸಿಗುವುದು ಕಿರ್ದಿ ಮಾತ್ರ: ಇಂದು ಹಾರಿತು, ಇಷ್ಟು ಎತ್ತರ ಮುಟ್ಟಿತು, ಇಂಥವರು ಒಳಗೆ ಕುಳಿತಿದ್ದರು. ಖಾತೆಯನ್ನು ನಾವೇ ತೆರೆಯಬೇಕು. ಅದೂ ಹಾರಾಟದ ಹೆಸರಿನಲ್ಲಲ್ಲ, ಒಂದೊಂದು ಬೂಸ್ಟರಿನ, ಅಂದರೆ ಮೇಲಕ್ಕೆ ತಳ್ಳಿ ತಾನು ಮರಳಿ ಬಂದಿಳಿಯುವ ಎಂಜಿನ್ ಭಾಗದ ಹೆಸರಿನಲ್ಲಿ. ಮೊದಲು ನಾನು ಹಾರಾಟಕ್ಕೊಂದು ಪುಟದಂತೆ ಬರೆಯಲು ಹೊರಟು, ಎಂಟು ಪುಟ ತುಂಬಿದ ಮೇಲೂ ಯಾವ ಬೂಸ್ಟರ್ ಎಷ್ಟು ಸಲ ದುಡಿದಿದೆ ಎಂದು ಹೇಳಲಾಗದೆ, ಎಲ್ಲವನ್ನೂ ಹರಿದು ಹೊಸದಾಗಿ ಆರಂಭಿಸಿದೆ.

ಪುಸ್ತಕದ ಒಳರಟ್ಟಿನ ಮೇಲೆ ಒಂದು ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಿ. ಈ ಲೆಕ್ಕ ಉಪಕಕ್ಷೀಯ ರಾಕೆಟ್ಟುಗಳದು. ಇಂಥ ರಾಕೆಟ್ ಭೂಮಿಯನ್ನು ಸುತ್ತುವುದಿಲ್ಲ; ಸುಮಾರು 100 ಕಿ.ಮೀ. ಮೇಲೇರಿ ಅಲ್ಲಿಂದ ಕೆಳಗಿಳಿಯುತ್ತದೆ. ತುಮಕೂರಿನಿಂದ ಬೆಂಗಳೂರಿಗೇ 70 ಕಿ.ಮೀ. ಇರುವಾಗ ಈ ಎತ್ತರ ಅಷ್ಟೇನೂ ದೂರವೆನಿಸದು. ಆದರೆ ಕಕ್ಷೆಯಲ್ಲಿ ನಿಲ್ಲಲು ಸೆಕೆಂಡಿಗೆ ಸುಮಾರು 7.8 ಕಿ.ಮೀ. ವೇಗ ಬೇಕು, ಇಲ್ಲಿ ಸುಮಾರು ಒಂದು ಕಿ.ಮೀ. ಸಾಕು, ವೇಗದ ವರ್ಗಕ್ಕೆ ತಕ್ಕಂತೆ ಶಕ್ತಿ ಏರುವುದರಿಂದ ಅಂತರ ಅರವತ್ತು ಪಟ್ಟಿನಷ್ಟಾಗುತ್ತದೆ. ಹೀಗಾಗಿ ಉಪಗ್ರಹ ಹೊರುವ ರಾಕೆಟ್ಟುಗಳನ್ನು ಈ ಪುಸ್ತಕಕ್ಕೆ ಸೇರಿಸಬೇಡಿ.

ಇನ್ನು ಪುಟದ ವಿಷಯ. ನಾಲ್ಕು ಅಂಕಣಗಳು ಸಾಕು: ದಿನಾಂಕ, ಎತ್ತರ, ಹಿಂದಿನ ಹಾರಾಟದಿಂದ ಕಳೆದ ದಿನಗಳು, ಷರಾ. ಮಾದರಿಗೆ ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ 2000ದಲ್ಲಿ ಸ್ಥಾಪಿಸಿದ ಬ್ಲೂ ಆರಿಜಿನ್ ಕಂಪನಿಯ ನ್ಯೂ ಶೆಪರ್ಡ್ ರಾಕೆಟ್ಟನ್ನು ತೆಗೆದುಕೊಳ್ಳಿ. ಅದರ ಮೊದಲ ಬೂಸ್ಟರಿನ ಖಾತೆ ಒಂದೇ ಸಾಲಿಗೆ ಮುಗಿಯಿತು: 2015ರ ಏಪ್ರಿಲ್ 29ರಂದು 93.5 ಕಿ.ಮೀ. ಏರಿತು, ತುದಿಯಲ್ಲಿ ಜನರನ್ನೋ ಉಪಕರಣಗಳನ್ನೋ ಕೂರಿಸುವ ಕ್ಯಾಪ್ಸೂಲ್ ಪ್ಯಾರಾಚೂಟಿನಲ್ಲಿ ಕ್ಷೇಮವಾಗಿ ಇಳಿಯಿತು, ಇಳಿಯುವಾಗ ಹೈಡ್ರಾಲಿಕ್ ಒತ್ತಡ (ಭಾಗಗಳನ್ನು ಆಡಿಸುವ ದ್ರವದ ಒತ್ತಡ) ಕಳೆದುಕೊಂಡ ಬೂಸ್ಟರ್ ನಾಶವಾಯಿತು. ಎರಡನೆಯ ಬೂಸ್ಟರಿನ ಪುಟವೇ ನಿಜವಾಗಿ ಓದಬೇಕಾದದ್ದು. ಅದು 2015ರ ನವೆಂಬರ್ 23ರಂದು 100.5 ಕಿ.ಮೀ. ಮುಟ್ಟಿ ತನ್ನ ಕಾಲ ಮೇಲೆ ನಿಂತಿತು. ಅದೇ ಬೂಸ್ಟರ್ 2016ರ ಜನವರಿ 22, ಏಪ್ರಿಲ್ 2, ಜೂನ್ 19 ಮತ್ತು ಅಕ್ಟೋಬರ್ 5ರಂದು ಮತ್ತೆ ಹಾರಿತು. ಮೂರನೆಯ ಅಂಕಣವನ್ನು ತುಂಬಿದರೆ 60, 71, 78, 108 ಎಂದು ಬರುತ್ತದೆ.

ಲಾರಿ ಮಾಲೀಕನು ಗಾಡಿ ಎಷ್ಟು ವೇಗವಾಗಿ ಓಡಿತೆಂದು ಕೇಳುವುದಿಲ್ಲ. ಲೋಡು ಇಳಿಸಿ ಬಂದ ಮೇಲೆ ಎಷ್ಟು ದಿನ ಗ್ಯಾರೇಜಿನಲ್ಲಿ ನಿಂತಿತು ಎಂದು ಕೇಳುತ್ತಾನೆ. ರಾಕೆಟ್ಟಿನ ವಿಷಯದಲ್ಲಿಯೂ ನನ್ನ ಮಟ್ಟಿಗೆ ಈ ಮೂರನೆಯ ಅಂಕಣಕ್ಕೇ ಹೆಚ್ಚು ಬೆಲೆ. ಆದರೆ ಅಂಕಿಯನ್ನು ಕಂಡ ಕೂಡಲೇ ತೀರ್ಪು ಕೊಡಬಾರದು. ಅಂತರ ಹೆಚ್ಚುತ್ತ ಹೋದದ್ದನ್ನು ನೋಡಿ ದುರಸ್ತಿ ಕಷ್ಟವಾಗುತ್ತಿದೆ ಎಂದು ನಾನು ಅವಸರದಿಂದ ಬರೆದಿದ್ದೆ. ಷರಾ ತುಂಬಿದಾಗ ಬೇರೆ ಚಿತ್ರ ಕಾಣಿಸಿತು. ಜೂನಿನಲ್ಲಿ ಅವರು ಒಂದು ಪ್ಯಾರಾಚೂಟನ್ನು ಬೇಕೆಂದೇ ಕೆಲಸ ಮಾಡದಂತೆ ಬಿಟ್ಟು ಪರೀಕ್ಷಿಸಿದ್ದರು; ಅಕ್ಟೋಬರಿನಲ್ಲಿ ಹಾರುವ ನಡುವೆಯೇ ಕ್ಯಾಪ್ಸೂಲ್ ಬೂಸ್ಟರಿನಿಂದ ಚಿಮ್ಮಿ ದೂರವಾಗಿ ಪಾರಾಗುವ ವ್ಯವಸ್ಥೆಯನ್ನು ಪರೀಕ್ಷಿಸಿದರು. ಆ ಹೊಡೆತಕ್ಕೆ ಬೂಸ್ಟರ್ ಉಳಿಯಲಿಕ್ಕಿಲ್ಲ ಎಂದು ಕಂಪನಿಯೇ ಮೊದಲು ಹೇಳಿತ್ತು. ಅದು ಉಳಿದು, ಇಳಿದು, ನಿವೃತ್ತಿಯಾಯಿತು. ಕಠಿಣ ಪರೀಕ್ಷೆಗೆ ಹಿಡಿದ ದಿನಗಳನ್ನು ದುರಸ್ತಿಯ ದಿನಗಳೊಂದಿಗೆ ಬೆರೆಸದಿರುವುದು ಈ ಲೆಕ್ಕದ ಮೊದಲ ಶಿಸ್ತು.

ಅವಘಡದ ಸಾಲನ್ನು ಕೆಂಪು ಶಾಯಿಯಲ್ಲಿ ಬರೆಯಿರಿ, ಅದರ ಕೆಳಗೆ ಅರ್ಧ ಪುಟ ಖಾಲಿ ಬಿಡಿ. 2022ರ ಸೆಪ್ಟೆಂಬರ್ 12ರಂದು ಪ್ರಯಾಣಿಕರಿಲ್ಲದೆ ಪ್ರಯೋಗದ ಉಪಕರಣಗಳನ್ನಷ್ಟೇ ಹೊತ್ತಿದ್ದ ನ್ಯೂ ಶೆಪರ್ಡ್, ಮೇಲೇರಿದ ಸುಮಾರು ಒಂದು ನಿಮಿಷದಲ್ಲಿ ವಿಫಲವಾಯಿತು. ಕ್ಯಾಪ್ಸೂಲ್ ತಾನಾಗಿ ಪಾರಾಗಿ ಇಳಿಯಿತು. ಎಂಜಿನ್ನಿನ ನಾಜಲ್ (ಬಿಸಿ ಅನಿಲ ಹೊರಬೀಳುವ ಬಾಯಿ) ಎಣಿಸಿದ್ದಕ್ಕಿಂತ ಹೆಚ್ಚು ಕಾದು ಮುರಿದದ್ದು ಕಾರಣವೆಂದು ತನಿಖೆಯಿಂದ ತಿಳಿಯಿತು. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯು 21 ತಿದ್ದುಪಡಿಗಳನ್ನು ಕೇಳಿತು. ಮರುಹಾರಾಟವಾದದ್ದು 2023ರ ಡಿಸೆಂಬರ್ 19ರಂದು, ಅಂದರೆ 463 ದಿನಗಳ ನಂತರ. ಬೂಸ್ಟರಿಗೊಂದು ಖಾತೆ ಇಟ್ಟವರಿಗೆ ಇಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ನಾಶವಾದ ಬೂಸ್ಟರ್ ಒಂಬತ್ತನೆಯ ಸಲ ಹಾರುತ್ತಿತ್ತು, ಜನರನ್ನು ಒಯ್ಯುವ ಬೂಸ್ಟರ್ ಬೇರೆಯೇ ಆಗಿತ್ತು. ಆದರೂ ಅದೂ ಅಷ್ಟು ದಿನ ನೆಲದ ಮೇಲೆಯೇ ನಿಂತಿತು.

ಅವಘಡವಾದಾಗ ಕಂಪನಿ ಎಷ್ಟು ದಿನಕ್ಕೆ ಬಾಯಿ ಬಿಟ್ಟಿತು ಎಂಬುದನ್ನೂ ಬರೆಯಿರಿ. ಇದೇ ಕಂಪನಿಯ ಹಿಂದಿನ ಪರೀಕ್ಷಾ ವಾಹನವೊಂದು 2011ರ ಆಗಸ್ಟ್ 24ರಂದು ಶಬ್ದದ ವೇಗವನ್ನು ಮೀರಿ ಹಾರುತ್ತಿದ್ದಾಗ ನಷ್ಟವಾಯಿತು. ಅದನ್ನು ಕಂಪನಿ ತಿಳಿಸಿದ್ದು ಸೆಪ್ಟೆಂಬರ್ 2ರಂದು. ಷೇರು ಮಾರುಕಟ್ಟೆಗೆ ಬಾರದ ಕಂಪನಿ ತನ್ನ ಜಮಾಖರ್ಚನ್ನು ಯಾರಿಗೂ ತೋರಿಸಬೇಕಾಗಿಲ್ಲ. ಆದ್ದರಿಂದ ಹಣದ ಪುಟದಲ್ಲಿ ಒಂದೇ ಪ್ರಶ್ನೆ ಇರಲಿ: ಇದು ಯಾರ ಜೇಬು? ವರ್ಷಕ್ಕೆ ಸುಮಾರು ನೂರು ಕೋಟಿ ಡಾಲರ್ ಬೆಲೆಯ ಅಮೆಜಾನ್ ಷೇರು ಮಾರಿ ಕಂಪನಿ ನಡೆಸುತ್ತಿದ್ದೇನೆ ಎಂದು ಬೆಜೋಸ್ 2017ರಲ್ಲಿ ಹೇಳಿದ್ದರು. ಕಂಪ್ಯೂಟರ್ ಆಟಗಳಿಂದ ಹೆಸರಾದ ಜಾನ್ ಕಾರ್ಮ್ಯಾಕ್ ಸ್ವಂತ ಹಣದಿಂದ ನಡೆಸಿದ ಆರ್ಮಡಿಲ್ಲೊ ಏರೋಸ್ಪೇಸ್ ನಾಸಾದ ಚಂದ್ರನೌಕೆ ಸ್ಪರ್ಧೆಯಲ್ಲಿ 2008ರಲ್ಲಿ 3,50,000 ಡಾಲರ್ ಬಹುಮಾನವನ್ನೂ ಗೆದ್ದಿತ್ತು. 2013ರಲ್ಲಿ ಅದು ಕೆಲಸ ನಿಲ್ಲಿಸಿತು. ಒಬ್ಬರ ಜೇಬಿನ ಆಳ ಒಬ್ಬರಿಗೇ ಗೊತ್ತು.

ನೇರಪ್ರಸಾರ ನೋಡುವವರು ಸಮಯದ ಲೆಕ್ಕ ತಪ್ಪಬಾರದು. ನ್ಯೂ ಶೆಪರ್ಡ್ ಉಡಾವಣೆಗಳು ನಡೆದ ಪಶ್ಚಿಮ ಟೆಕ್ಸಾಸ್‌ನ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಹತ್ತೂವರೆ ಗಂಟೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಹಿಂದಿರುತ್ತದೆ. 2021ರ ಜುಲೈ 20ರಂದು ಬೆಜೋಸ್ ತಾವೇ ಹಾರಿದಾಗ ಅಲ್ಲಿ ಬೆಳಗಿನ 8:12, ಇಲ್ಲಿ ಸಂಜೆ 6:42. ಇಡೀ ಹಾರಾಟ ಹತ್ತು ನಿಮಿಷದ ಆಸುಪಾಸು. ಕ್ಯಾಪ್ಸೂಲಿನ ಕಿಟಕಿಗೆ ಮರುಳಾಗದೆ ಬೂಸ್ಟರಿನ ಮೇಲೆ ಕಣ್ಣಿಡಿ: ನೆಲ ಹತ್ತಿರವಾದಾಗ ಎಂಜಿನ್ ಮತ್ತೆ ಹೊತ್ತಿಕೊಂಡಿತೇ, ಇಳಿಯುವ ಹಾಸಿನ ನಡುವೆ ನಿಂತಿತೇ, ಇಷ್ಟನ್ನೇ ಬರೆದುಕೊಂಡರೆ ಸಾಕು.

ನಮ್ಮ ದೇಶದಲ್ಲಿ ಸ್ಕೈರೂಟ್ ಕಂಪನಿಯ ವಿಕ್ರಮ್-ಎಸ್ 2022ರ ನವೆಂಬರ್ 18ರಂದು 89.5 ಕಿ.ಮೀ. ಏರಿದ್ದು ಖಾಸಗಿ ಸಾಧನೆಯೇ ಸರಿ, ಆದರೆ ಅದು ಮರಳಿ ಬರುವ ರಾಕೆಟ್ಟಲ್ಲ. ಕಿರ್ದಿಯಲ್ಲಿ ಬರೆದು ಬಿಡಿ. ಕೈ ಪಳಗಿಸಿಕೊಳ್ಳಬೇಕೆಂದಿದ್ದರೆ, ಸರ್ಕಾರಿ ಹಣದ್ದಾದರೂ ನಮ್ಮ ಸಿರಾ, ಹಿರಿಯೂರು ದಾಟಿದರೆ ಸಿಗುವ ಚಳ್ಳಕೆರೆಯಲ್ಲಿಯೇ ಒಂದು ಪಾಠವಿದೆ. ಅಲ್ಲಿನ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋ ತನ್ನ ರೆಕ್ಕೆಯ ಮರುಬಳಕೆ ವಾಹನವನ್ನು 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು ಚಿನೂಕ್ ಹೆಲಿಕಾಪ್ಟರಿನಿಂದ ಬಿಟ್ಟು ರನ್‌ವೇ ಮೇಲೆ ಇಳಿಸಿತು. ಮೊದಲ ಸಲದ ರೆಕ್ಕೆ, ಒಡಲುಗಳನ್ನೇ ಮುಂದಿನ ಸಲಕ್ಕೂ ಬಳಸಿತು. ಮೂರನೆಯ ಅಂಕಣದಲ್ಲಿ 355, ಅದರ ಕೆಳಗೆ 93 ಎಂದು ಬರೆಯಿರಿ. ದಿನಗಳು ಅಷ್ಟು ಕಡಿಮೆಯಾದದ್ದೇಕೆ ಎಂದು ಇಸ್ರೋ ಪ್ರಕಟಣೆಗಳನ್ನು ಓದಿ ಷರಾ ತುಂಬಿಸುವ ಕೆಲಸ ನಿಮ್ಮದು. ಅದಕ್ಕೆ ನಾನು ಎರಡು ಸಾಲು ಜಾಗ ಬಿಟ್ಟಿದ್ದೇನೆ.