ಸಾಲು ಮುರಿದು ತಂಡ ಕಟ್ಟಿದ ಬಗೆ

ಪ್ರೌಢಶಾಲೆಯಲ್ಲಿ ವಾಲಿಬಾಲ್ ಕಲಿಸುವವರಿಗೆಲ್ಲ ಆ ಸಾಲು ಗೊತ್ತು. ಬಲೆಯ ಬಳಿ ಕೋಚ್, ಕೈಯಲ್ಲಿ ಚೆಂಡು, ಎದುರಿಗೆ ಹದಿನೈದು ಮಕ್ಕಳ ಸರತಿ. ಒಬ್ಬ ಹೊಡೆಯುತ್ತಾನೆ, ಓಡಿಹೋಗಿ ಚೆಂಡು ಹೆಕ್ಕಿ ತರುತ್ತಾನೆ, ಮತ್ತೆ ಸಾಲಿನ ಕೊನೆಗೆ ನಿಲ್ಲುತ್ತಾನೆ. ನೋಡುವವರಿಗೆ ಅದು ಶಿಸ್ತು. ನಾನು ಆ ಸಾಲನ್ನೇ ತೆಗೆದುಹಾಕಿ, ಬಲೆಯ ಬದಲು ಅಂಕಣದ ಉದ್ದಕ್ಕೂ ಹಗ್ಗ ಕಟ್ಟಿ ಎಲ್ಲರನ್ನೂ ಒಮ್ಮೆಗೇ ಆಡಿಸಿದೆ. ಆಗ ‘ಇದು ತರಬೇತಿಯಲ್ಲ, ಮಕ್ಕಳನ್ನು ಆಡಲು ಬಿಟ್ಟು ಸುಮ್ಮನೆ ನಿಲ್ಲುವುದು’ ಎಂದವರೇ ಈಗ ಹಗ್ಗವನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕು ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳುವುದಕ್ಕಿಂತ ಒಮ್ಮೆಗೇ ಬರೆದುಬಿಡುತ್ತೇನೆ.

ಶುರುವಾಗಿದ್ದು ಎಣಿಕೆಯಿಂದ. ಗಾಯಗೊಂಡು ಕುಳಿತಿದ್ದ ಹುಡುಗನೊಬ್ಬನ ಕೈಗೆ ಕಾಗದ ಕೊಟ್ಟು, ಒಂದು ಗಂಟೆಯಲ್ಲಿ ತನ್ನ ಗೆಳೆಯ ಎಷ್ಟು ಸಲ ಚೆಂಡು ಮುಟ್ಟುತ್ತಾನೆ ಎಂದು ಗೀಟು ಹಾಕಿಸಿದೆ. ಇಪ್ಪತ್ತೋ ಇಪ್ಪತ್ತೈದೋ ಬಂತು. ಉಳಿದ ಹೊತ್ತೆಲ್ಲ ನಿಲ್ಲುವುದು, ತಳ್ಳಾಡುವುದು, ಹರಟೆ. ನಿಮ್ಮ ಅಂಕಣದಲ್ಲಿ ಎಣಿಸಿದರೂ ಇದಕ್ಕಿಂತ ಬಹಳ ಹೆಚ್ಚು ಬರಲಾರದು. ಬೇಕಾದರೆ ಎಣಿಸಿ ನೋಡಿ.

ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಬಲೆ ಬಿಚ್ಚಿಟ್ಟು, ಅಂಕಣವನ್ನು ಉದ್ದಕ್ಕೆ ಸೀಳುವಂತೆ ನಡುವೆ ಹಗ್ಗ ಎಳೆದರೆ 3 ಮೀಟರ್ ಅಗಲದ 6 ಪುಟ್ಟ ಅಂಕಣಗಳಾಗುತ್ತವೆ. ಪ್ರತಿ ಬದಿಗೆ ನಾಲ್ಕೂವರೆ ಮೀಟರ್ ಆಳ. ಇಬ್ಬರೆದುರು ಇಬ್ಬರು ಆಡಿದರೆ 24 ಮಕ್ಕಳು, ಮೂವರೆದುರು ಮೂವರಾದರೆ 36. ಹೊರಗೆ ಕಾಯುವವರು ಯಾರೂ ಇಲ್ಲ. ಹೀಗೆ ಆಡಿಸಿದ ಮೇಲೆ ಮತ್ತೆ ಎಣಿಸಿದಾಗ ನೂರೈವತ್ತರ ಮೇಲೆ ಬಂತು.

ಹೇಳುವುದು ಸುಲಭ, ಹಗ್ಗವೇ ಸಾಕಷ್ಟು ಕಾಡಿತು. ಅಷ್ಟುದ್ದದ ಹಗ್ಗ ನಡುವೆ ಜೋತುಬೀಳುತ್ತದೆ. ಬಿಗಿಯಾಗಿ ಎಳೆದರೆ ಕಂಬಗಳು ಒಳಕ್ಕೆ ವಾಲುತ್ತವೆ. ಕೊನೆಗೆ ನಡುವೆ ಒಂದು ಕಂಬ ನಿಲ್ಲಿಸಿ ಹಳೆಯ ಮ್ಯಾಟ್ ಸುತ್ತಿದೆ. ಚೆಂಡು ಹಗ್ಗದ ಮೇಲಿಂದ ಹೋಯಿತೋ ಕೆಳಗಿಂದ ಹೋಯಿತೋ ಎಂಬ ಜಗಳ ತೀರಲು ಹರಿದ ಜೆರ್ಸಿಗಳನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ತೂಗುಹಾಕಬೇಕಾಯಿತು. ಪಕ್ಕದ ಅಂಕಣದಿಂದ ಉರುಳಿ ಬಂದ ಚೆಂಡಿನ ಮೇಲೆ ಯಾರಾದರೂ ಜಿಗಿದಿಳಿದರೆ ಪಾದದ ಕೀಲಿನ ಗತಿ ಮುಗಿಯಿತು. ‘ಚೆಂಡು!’ ಎಂದು ಯಾರು ಕೂಗಿದರೂ ಎಲ್ಲರೂ ನಿಂತಲ್ಲೇ ನಿಲ್ಲಬೇಕು ಎಂಬ ನಿಯಮವನ್ನು ಮೊದಲ ದಿನವೇ ಕಲಿಸಿ. ಇದರಲ್ಲಿ ರಿಯಾಯಿತಿ ಬೇಡ.

ಈಗ ಎತ್ತರ. ನಿಯಮದ ಪ್ರಕಾರ ಪುರುಷರಿಗೆ 2.43 ಮೀಟರ್, ಮಹಿಳೆಯರಿಗೆ 2.24. ನಾನು ಹಗ್ಗವನ್ನು ಓರೆಯಾಗಿ ಕಟ್ಟುತ್ತೇನೆ. ಒಂದು ತುದಿ ಸುಮಾರು 2.30, ಇನ್ನೊಂದು ತುದಿ 2 ಮೀಟರ್ ಆಸುಪಾಸು. ಮೂರು ನಿಮಿಷಕ್ಕೊಮ್ಮೆ ಸೀಟಿ. ಗೆದ್ದವರು ಎತ್ತರದ ಕಡೆಗೆ ಒಂದು ಅಂಕಣ ಸರಿಯುತ್ತಾರೆ, ಸೋತವರು ತಗ್ಗಿನ ಕಡೆಗೆ. ಅರ್ಧ ಗಂಟೆಯೊಳಗೆ ಪ್ರತಿಯೊಬ್ಬರೂ ತಮಗೆ ಸರಿಯಾದ ಎತ್ತರದಲ್ಲಿ, ತಮಗೆ ಸಾಟಿಯಾದವರ ಎದುರು ಬಂದು ನಿಂತಿರುತ್ತಾರೆ. ನಾನು ಯಾರಿಗೂ ‘ನೀನು ದುರ್ಬಲ’ ಎನ್ನಬೇಕಾಗಿಲ್ಲ. ಓರೆ ಹಗ್ಗದ ಉಪಾಯ ನನ್ನದಲ್ಲ. ದೈಹಿಕ ಶಿಕ್ಷಣ ಓದಿದವರಿಗೆ ಮಸ್ಕಾ ಮಾಸ್ಟನ್ ಹೆಸರು ಗೊತ್ತಿರುತ್ತದೆ. ಅವರು ಹೇಳಿದ್ದು ಓರೆ ಹಗ್ಗದ ಮೇಲಿಂದ ಜಿಗಿದು ದಾಟುವುದಕ್ಕೆ, ನಾನು ಅದನ್ನು ವಾಲಿಬಾಲ್‌ಗೆ ಎಳೆದು ತಂದೆ. ಜೋಡಿಗಳನ್ನು ಹೇಗೆ ಮಾಡುತ್ತೇನೆ ಎಂಬುದು ಮಾತ್ರ ನನ್ನದೇ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಎದುರು ಆಡುವ ತಂಡಗಳ ಕೋಚ್‌ಗಳೂ ಓದುವವರೇ.

ಹಣದ ವಿಷಯ ಬಿಟ್ಟು ಇದನ್ನು ಹೇಳಿದರೆ ಸುಳ್ಳಾಗುತ್ತದೆ. ಕ್ರೀಡೆಗೆಂದು ಶಾಲೆ ಕೊಡುತ್ತಿದ್ದ ಹಣದಲ್ಲಿ ಸುಮಾರು ಮುಕ್ಕಾಲು ಪಾಲು ಸಮವಸ್ತ್ರಕ್ಕೆ, ಟೂರ್ನಿಗಳ ಪ್ರವೇಶ ಶುಲ್ಕಕ್ಕೆ, ಪ್ರಯಾಣಕ್ಕೆ ಹೋಗುತ್ತಿತ್ತು. ಉಳಿದದ್ದರಲ್ಲಿ ನಾಲ್ಕೈದು ಚೆಂಡು. ಆರು ಅಂಕಣಕ್ಕೆ ಕನಿಷ್ಠ ಹತ್ತು ಹನ್ನೆರಡು ಬೇಕು. ಮೊದಲು ಅಗ್ಗದ ರಬ್ಬರ್ ಚೆಂಡುಗಳನ್ನು ರಾಶಿಯಾಗಿ ತಂದೆ. ಮುಂಗೈ ಕೆಂಪಾಗಿ ಊದಿ, ಹೊಸದಾಗಿ ಸೇರಿದ್ದ ಹುಡುಗಿಯರಲ್ಲಿ ಅರ್ಧ ಜನ ಎರಡನೇ ವಾರವೇ ಬರುವುದನ್ನು ನಿಲ್ಲಿಸಿದರು. ತೂಗಿ ನೋಡಿದರೆ ಕೆಲವು 300 ಗ್ರಾಂ ದಾಟಿದ್ದವು. ನಿಯಮದ ಚೆಂಡು ಇರಬೇಕಾದದ್ದು 260ರಿಂದ 280. ನಾಲ್ಕು ತಿಂಗಳಲ್ಲಿ ಅವು ಸೊಟ್ಟಗಾದವು, ಹಣ ಹೋಯಿತು. ಮುಂದಿನ ವರ್ಷ ಜೆರ್ಸಿ ಬೇಡ, ಹಳೆಯದನ್ನೇ ತೊಡಿ ಎಂದು ಹಟ ಹಿಡಿದು ನಾಲ್ಕು ಟೂರ್ನಿಗಳನ್ನು ಎರಡಕ್ಕೆ ಇಳಿಸಿದೆ. ಸಾಲದ್ದಕ್ಕೆ ನನ್ನ ಸಂಬಳದಿಂದಲೂ ಹಾಕಿದೆ, ಒಂದು ತಿಂಗಳಿನದಕ್ಕಿಂತ ಸ್ವಲ್ಪ ಕಡಿಮೆ ಇರಬಹುದು. ಅದು ಇನ್ನೂ ವಾಪಸು ಬಂದಿಲ್ಲ. ನಾಲ್ಕನೇ ವರ್ಷ ಅಂತರಶಾಲಾ ಕಪ್ ಬಂದ ಮೇಲೆ ದಾನಿಗಳಿಗೆ ಬರವಿರಲಿಲ್ಲ. ಎಲ್ಲರೂ ಜೆರ್ಸಿಯ ಬೆನ್ನಿನ ಮೇಲೆ ಹೆಸರು ಕೇಳಿದರು. ಚೆಂಡಿನ ಮೇಲೆ ಬರೆಸಿ ಎಂದೆ. ಇಬ್ಬರು ಒಪ್ಪಿದರು.

ನಡುವೆ ಒಂದು ಅಡ್ಡ ಪ್ರಯೋಗ. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿದ್ದ ಜಾನ್ ವುಡನ್ ತಾವೂ ಹಲವು ವರ್ಷ ಪ್ರೌಢಶಾಲೆಯಲ್ಲಿ ಕಲಿಸಿದವರು. ಅವರ ಅಭ್ಯಾಸಗಳಲ್ಲಿ ಇಬ್ಬರು ಮನಃಶಾಸ್ತ್ರಜ್ಞರು ಕುಳಿತು ಅವರ ಮಾತುಗಳನ್ನು ಬಗೆಬಗೆಯಾಗಿ ವಿಂಗಡಿಸಿದ್ದರು. ಬಹುಪಾಲು ಬರೀ ಸೂಚನೆ: ಏನು ಮಾಡಬೇಕು, ಹೇಗೆ ಮಾಡಬೇಕು. ಹೊಗಳಿಕೆ ಅತಿ ಕಡಿಮೆ, ಬೈಗುಳವೂ ಕಡಿಮೆ. ಹಾಗೆಯೇ ನನ್ನ ಮಾತುಗಳಿಗೂ ಗೀಟು ಹಾಕಿಸಿದೆ. ಅರ್ಧಕ್ಕಿಂತ ಹೆಚ್ಚು ‘ಬೇಗ, ಬೇಗ’, ‘ಅಯ್ಯೋ’, ‘ಏನಿದು!’ ಎಂಬ ಕಾಮೆಂಟರಿ. ಹಾಗಾದರೆ ಮಾತೇ ಬೇಡವೆಂದು ಒಂದು ವಾರ ಪೂರ್ತಿ ಮೌನವಾಗಿ ನಡೆಸಿದೆ. ಅದು ಕೆಟ್ಟುಹೋಯಿತು. ನಾನು ಸಿಟ್ಟಾಗಿದ್ದೇನೆ ಎಂದುಕೊಂಡು ಮಕ್ಕಳೇ ಹೆದರಿದರು. ಈಗಿನ ಪದ್ಧತಿ ಇಷ್ಟು: ಆಟದ ನಡುವೆ ಬಾಯಿ ಬಿಡುವುದಿಲ್ಲ, ಅಂಕಣ ಬದಲಾಗುವಾಗ ಒಬ್ಬರಿಗೆ ಒಂದೇ ಮಾತು, ಅದೂ ಕಾಲಿನದೋ ಕೈಯದೋ ಆಗಿರಬೇಕು. ‘ಬಲಗಾಲು ಮುಂದೆ’ ಎಂಬಷ್ಟು ಚಿಕ್ಕದು.

ಮೊದಲೆರಡು ವರ್ಷ ನಾವು ಸೋತೆವು. ಮೊದಲ ಸುತ್ತಿನಲ್ಲೇ, ಅದೂ ಹೀನಾಯವಾಗಿ. ಮುಖ್ಯೋಪಾಧ್ಯಾಯರು ಕರೆಸಿ, ಅಭ್ಯಾಸದಲ್ಲೂ ಮಕ್ಕಳು ತಪ್ಪನ್ನೇ ಮಾಡುತ್ತಿದ್ದಾರಲ್ಲ ಎಂದರು. ನಿಜವೇ. ಪಾಸ್, ಸೆಟ್ (ಹೊಡೆಯುವವನಿಗೆ ಚೆಂಡು ಎತ್ತಿಕೊಡುವುದು), ಸ್ಮ್ಯಾಶ್ ಮೂರನ್ನೂ ಕಲಸಿ ಆಡಿಸಿದರೆ ಅಭ್ಯಾಸ ಗಲೀಜಾಗಿಯೇ ಕಾಣುತ್ತದೆ. ಒಂದನ್ನೇ ನೂರು ಸಲ ಮಾಡಿಸಿದರೆ ಅಂದಿನ ಸಂಜೆಗೆ ಚೆಂದ, ಮರುವಾರಕ್ಕೆ ಮರೆವು. 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು ತೋರಿಸಿದ್ದೂ ಇದನ್ನೇ: ಬೆರೆಸಿ ಅಭ್ಯಾಸ ಮಾಡಿದವರು ಆಗ ಹಿಂದೆ ಬಿದ್ದರೂ ಆಮೇಲೆ ಚೆನ್ನಾಗಿ ಉಳಿಸಿಕೊಂಡರು. ಅದನ್ನು ಮುಖ್ಯೋಪಾಧ್ಯಾಯರಿಗೆ ವಿವರಿಸಿದೆ. ಅವರಿಗೆ ಬೇಕಾಗಿದ್ದು ಕಪ್. ಇನ್ನೊಂದು ವರ್ಷ ಕೊಡಿ ಎಂದು ಬೇಡಿಕೊಂಡು ಬಂದೆ.

ಆ ದಿನಗಳಲ್ಲೇ ಹಳೆಯ ತಂಡಗಳ ಪಟ್ಟಿ ತೆಗೆದು ಹುಟ್ಟಿದ ತಿಂಗಳುಗಳನ್ನು ನೋಡಿದೆ. ವಯೋಮಿತಿಯ ಲೆಕ್ಕ ಶುರುವಾದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು. ಕೆನಡಾದ ಐಸ್ ಹಾಕಿಯಲ್ಲಿ 1980ರ ದಶಕದಲ್ಲೇ ಗುರುತಿಸಿದ ಸಂಗತಿ ಇದು. ನಾವು ಆರಿಸುತ್ತಿದ್ದದ್ದು ಆಟವನ್ನಲ್ಲ, ಕೆಲವು ತಿಂಗಳ ಹಿರಿತನವನ್ನು. ಅಂದಿನಿಂದ ಒಂಬತ್ತನೇ ತರಗತಿ ಮುಗಿಯುವ ತನಕ ಯಾರನ್ನೂ ಕೈಬಿಡುವುದಿಲ್ಲ, ಯಾರಿಗೂ ಸ್ಥಾನ ನಿಗದಿ ಮಾಡುವುದಿಲ್ಲ. ಎತ್ತರದ ಹುಡುಗನೂ ಸೆಟ್ ಮಾಡುತ್ತಾನೆ, ಕುಳ್ಳ ಹುಡುಗನೂ ಎದುರಾಳಿಯ ಹೊಡೆತ ತಡೆಯುವ ಬ್ಲಾಕ್‌ಗೆ ಜಿಗಿಯುತ್ತಾನೆ. ಪೋಷಕರಿಂದ ಇದಕ್ಕೆ ಕೇಳಿದ ಮಾತು ಕಡಿಮೆಯಲ್ಲ.

ಮೊಣಕಾಲಿನ ಬಗ್ಗೆ ಒಂದು ಮಾತು. ಹುಡುಗಿಯರು 12ರ ಆಸುಪಾಸು, ಹುಡುಗರು 14ರ ಆಸುಪಾಸು ಸರ್ರನೆ ಬೆಳೆಯುತ್ತಾರೆ. ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬು ನೋಯುತ್ತದೆ ಎಂದು ಮಕ್ಕಳು ಹೇಳುವುದು ಇದೇ ಹೊತ್ತಿನಲ್ಲಿ. ನಾನು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಗುರುತು ಹಾಕುತ್ತೇನೆ. ಗುರುತು ಬೇಗಬೇಗ ಮೇಲೇರಿದವರಿಗೆ ಜಿಗಿತ ಅರ್ಧ. ನೋವೆಂದರೆ ಪೂರ್ತಿ ಬಂದ್, ಕಡಿಮೆಯಾಗದಿದ್ದರೆ ವೈದ್ಯರ ಬಳಿಗೆ. ಪೆನ್ಸಿಲ್ ಒಂದರ ಖರ್ಚು.

ಮೂರನೇ ವರ್ಷ ಸೆಮಿಫೈನಲ್ ತಲುಪಿದೆವು. ನಾಲ್ಕನೇ ವರ್ಷದ ಅಂತರಶಾಲಾ ಫೈನಲ್‌ನಲ್ಲಿ ಎರಡನೇ ಸೆಟ್ ನಡೆಯುವಾಗ ನಮ್ಮ ಸೆಟ್ಟರ್ ಕಾಲು ಉಳುಕಿಸಿಕೊಂಡು ಕುಳಿತ. ಎದುರು ಬೆಂಚಿನಲ್ಲಿ ನಗು ಕಂಡಿತು. ಸೆಟ್ಟರ್ ಹೋದರೆ ಶಾಲಾ ತಂಡ ಸತ್ತಂತೆ ಎಂಬುದು ಎಲ್ಲರಿಗೂ ಗೊತ್ತು. ಬೆಂಚಿನಿಂದ ಬದಲಿ ಆಟಗಾರನನ್ನು ಹಿಂದಿನ ಸಾಲಿಗೆ ಇಳಿಸಿದೆ. ಸೆಟ್ ಮಾಡುವ ಕೆಲಸವನ್ನು ಯಾರು ವಹಿಸಿಕೊಳ್ಳಬೇಕೆಂದು ನಾನು ಹೇಳಲೇ ಇಲ್ಲ, ಅವರವರೇ ಮಾತಾಡಿಕೊಂಡರು. ಆರು ಜನರಲ್ಲಿ ನಾಲ್ವರಿಗಾದರೂ ಅದು ಬರುತ್ತಿತ್ತು. ಮೂರು ಸೆಟ್‌ಗಳ ಪಂದ್ಯ, ಕೊನೆಯ ಸೆಟ್ 15ಕ್ಕೆ, ಎರಡು ಅಂಕಗಳ ಅಂತರದಿಂದ ನಮ್ಮದಾಯಿತು. ನನಗೆ ಅದಕ್ಕಿಂತ ಹೆಮ್ಮೆ ಇನ್ನೊಂದರ ಮೇಲಿದೆ. ಮೊದಲು ವರ್ಷದ ಕೊನೆಗೆ ನಲವತ್ತರಲ್ಲಿ ಹದಿನೈದು ಮಕ್ಕಳು ಉಳಿಯುತ್ತಿದ್ದರು. ಈಗ ಮೂವತ್ತರ ಮೇಲೆ ಉಳಿಯುತ್ತಾರೆ.

ಈ ಪದ್ಧತಿಯಲ್ಲಿ ಬಾರದ್ದು ಸರ್ವ್. ನಾಲ್ಕೂವರೆ ಮೀಟರ್ ಆಳದಲ್ಲಿ ಆಡಿದ ಮಗುವಿಗೆ 9 ಮೀಟರ್ ಹಿಂದಿನಿಂದ ಹೊಡೆಯುವ ದೂರದ ಅಳತೆ ಸಿಗುವುದಿಲ್ಲ. ಗೋಡೆಯ ಮೇಲೆ ಬಲೆಯ ಎತ್ತರಕ್ಕೆ ಗೆರೆ ಎಳೆದು, 9 ಮೀಟರ್ ದೂರದಿಂದ ಹೊಡೆಸುತ್ತಿದ್ದೇನೆ. ಚೆಂಡು ಗೆರೆ ದಾಟುತ್ತದೆ ನಿಜ, ಆದರೆ ಗೋಡೆಯಾಚೆ ಎಲ್ಲಿ ಬೀಳುತ್ತಿತ್ತೋ ತಿಳಿಯುವುದಿಲ್ಲ. ಪಂದ್ಯಗಳಲ್ಲಿ ಈಗಲೂ ಸೆಟ್ ಒಂದಕ್ಕೆ ನಾಲ್ಕೈದು ಸರ್ವ್ ಹೊರಗೆ ಹೋಗುತ್ತಿವೆ. ಮುಂದಿನ ತಿಂಗಳಿನಿಂದ ವಾರಕ್ಕೆರಡು ದಿನ ಮೊದಲ ಹದಿನೈದು ನಿಮಿಷ ಹಗ್ಗದ ಬದಲು ಬಲೆಯನ್ನೇ ಕಟ್ಟಿ, ಎರಡೂ ತುದಿಗಳಿಂದ ಒಟ್ಟಿಗೆ ಸರ್ವ್ ಮಾಡಿಸಿ ನೋಡಬೇಕೆಂದಿದ್ದೇನೆ. ಚೆಂಡು ಇನ್ನಷ್ಟು ಬೇಕಾಗುತ್ತದೆ.